ಲಸಿಕೆ ಹಾಕಿದ ಹಸುಗಳನ್ನು ಯಾಕೆ ಕೊಂದರು?

ಡಾಕ್ಟ್ರೇ, ನಮಸ್ಕಾರ. ವಾಗೆನಿಂಗೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಗಳ ಲಸಿಕೆ ಕುರಿತು ಪಿಎಚ್‌ಡಿ ಸಿಕ್ಕಿದೆ, ನೆದರ್‌ಲ್ಯಾಂಡ್ಸ್‌ನಲ್ಲಿ ಬದುಕು ಹೇಗೆ, ಡಚ್ ಕಲಿಯಲೇಬೇಕಾ ಅಂತ ಕೇಳಿದ್ದೀರಿ. ನಾನೂ ಹೀಗೇ ಪಶುವೈದ್ಯ ಪದವಿ ಮುಗಿಸಿ ಬಂದವಳು. ಬಂದು ಹದಿನಾರು ವರ್ಷವಾಯಿತು.

ದುಡ್ಡಿನ ಚಿಂತೆ ಬಿಡಿ. ನಿಮ್ಮದು ನಾಲ್ಕು ವರ್ಷದ ನೌಕರಿ ಕರಾರು. ತಿಂಗಳ ಸಂಬಳದ ಜೊತೆ ರಜಾಭತ್ಯೆಯೂ ಬರುತ್ತದೆ. ಕಷ್ಟ ಇರುವುದು ಬಾಡಿಗೆ ಮನೆಗೆ, ಇವತ್ತಿನಿಂದಲೇ ಹುಡುಕಿ. ಗೈಡನ್ನು ಹೆಸರು ಹಿಡಿದು ಕರೆಯಬೇಕು. ಮೊದಲು ನಾಲಿಗೆ ಏಳುವುದಿಲ್ಲ, ಆಮೇಲೆ ರೂಢಿಯಾಗುತ್ತದೆ.

ಬ್ಯಾಗಿನಲ್ಲಿ ತುಪ್ಪ, ಪೇಡ ಇಟ್ಟುಕೊಳ್ಳಬೇಡಿ. ಯುರೋಪ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ. ಅಮ್ಮ ಕಟ್ಟಿಕೊಟ್ಟ ತುಪ್ಪದ ಡಬ್ಬಿಯನ್ನು ವಿಮಾನ ನಿಲ್ದಾಣದಲ್ಲಿ ಬಿಟ್ಟು ಬರುವಾಗ ನನಗೆ ಅಳು ಬಂದಿತ್ತು. ಆ ನಿಯಮದ ಹಿಂದಿರುವ ಭಯಗಳಲ್ಲಿ ಒಂದು, ನಿಮಗೆ ಚೆನ್ನಾಗಿ ಗೊತ್ತಿರುವ ಕಾಲುಬಾಯಿ ಜ್ವರ.

ನಾವು ಆರು ತಿಂಗಳಿಗೊಮ್ಮೆ ಹಳ್ಳಿ ಹಳ್ಳಿ ಸುತ್ತಿ ದನಗಳಿಗೆ ಅದರ ಲಸಿಕೆ ಚುಚ್ಚಿ ಬಂದವರು. ಇಲ್ಲಿ ಆ ವಾಡಿಕೆಯನ್ನು 1990ರ ದಶಕದ ಆರಂಭದಲ್ಲೇ ನಿಲ್ಲಿಸಿದ್ದಾರೆ. 2001ರಲ್ಲಿ ರೋಗ ಈ ದೇಶಕ್ಕೆ ನುಗ್ಗಿದಾಗ ಕಾಣಿಸಿಕೊಂಡದ್ದು 26 ಕಡೆ, ಕೊಂದದ್ದು 2.5 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು. ಹರಡದಿರಲಿ ಅಂತ ಸುತ್ತಲಿನ ದನಗಳಿಗೆ ಲಸಿಕೆ ಹಾಕಿದರು, ಆಮೇಲೆ ಅವನ್ನೂ ಕೊಂದರು.

ಬಂದ ಮೊದಲ ವರ್ಷ ಹೆಲ್ಡರ್‌ಲ್ಯಾಂಡ್ ಪ್ರಾಂತ್ಯದ ಒಬ್ಬ ಹಿರಿಯ ರೈತರ ಮನೆಗೆ ಹೋಗಿದ್ದೆ. ಕೊಟ್ಟಿಗೆಗೆ ಕಾಲಿಡುವ ಮೊದಲೇ ಅವರದೇ ಬೂಟು, ಅವರದೇ ಮೇಲಂಗಿ ಹಾಕಿಸಿದರು. ವಾಪಸ್ ಬಂದು ಕಾಫಿಗೆ ಕೂತಾಗ ಡ್ರಾಯರ್‌ನಿಂದ ಒಂದು ಹಾಳೆ ತೆಗೆದರು. ಅವರ ಹೆಂಡತಿಯ ಕೈಬರಹದಲ್ಲಿ, 2001ರಲ್ಲಿ ಕೊಂದ ಅವರ ಹಸುಗಳ ಹೆಸರು, ಪಕ್ಕದಲ್ಲಿ ಕಿವಿ ಓಲೆಯ ನಂಬರು. 'ಇವಕ್ಕೆ ಏನೂ ಆಗಿರಲಿಲ್ಲ. ಲಸಿಕೆ ಕೆಲಸ ಮಾಡಿತ್ತು ತಾನೇ?' ಅಂದರು. ಸಹೋದ್ಯೋಗಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ಉತ್ತರ ನನಗೆ ಗೊತ್ತಿತ್ತು, ಅವರ ಭಾಷೆಯಲ್ಲಿ ಹೇಳಲು ಬರಲಿಲ್ಲ.

ಲಸಿಕೆಯಲ್ಲಿ ದೋಷ ಇರಲಿಲ್ಲ. ರಕ್ತದಲ್ಲಿರುವ ಪ್ರತಿಕಾಯ, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನು, ಲಸಿಕೆಯಿಂದ ಬಂದದ್ದೋ ರೋಗದಿಂದ ಬಂದದ್ದೋ ಅನ್ನುವ ಅನುಮಾನ ಉಳಿದರೆ, ರೋಗ ಹೋಗಿದೆ ಅಂತ ಕೊಳ್ಳುವ ದೇಶಗಳು ನಂಬುವುದಿಲ್ಲ, ರಫ್ತು ನಿಲ್ಲುತ್ತದೆ. ಈಗಿನ ಶುದ್ಧೀಕರಿಸಿದ ಲಸಿಕೆಯಲ್ಲಿ ಇರುವುದು ಮುಖ್ಯವಾಗಿ ವೈರಸ್ಸಿನ ಹೊರಕವಚ. ವೈರಸ್ಸು ಜೀವಕೋಶದ ಒಳಗೆ ಮರಿ ಮಾಡುವಾಗ ಮಾತ್ರ ತಯಾರಾಗುವ ಪ್ರೋಟೀನುಗಳ ವಿರುದ್ಧ ಹಸುವಿನ ರಕ್ತದಲ್ಲಿ ಪ್ರತಿಕಾಯ ಸಿಕ್ಕರೆ, ಅದಕ್ಕೆ ಸೋಂಕು ತಗುಲಿತ್ತು ಅಂತ ಅರ್ಥ. ಈ ವ್ಯತ್ಯಾಸ ಎಷ್ಟು ಗಟ್ಟಿಯಾಗುತ್ತದೋ ಅಷ್ಟು ಹಸುಗಳು ಬದುಕುತ್ತವೆ. ನಿಮ್ಮ ನಾಲ್ಕು ವರ್ಷ ಹೋಗುವುದು ಇಂಥ ಕೆಲಸಕ್ಕೇ. ಲೆಲಿಸ್ಟಾಡ್ ಊರಿನಲ್ಲಿರುವ ಪ್ರಾಣಿರೋಗ ಪ್ರಯೋಗಾಲಯಕ್ಕೂ ಹೋಗಬೇಕಾದೀತು. ಜೀವಂತ ವೈರಸ್ಸಿನ ವಿಭಾಗಕ್ಕೆ ಹೋದರೆ ಸ್ನಾನ ಮಾಡದೆ ಹೊರಗೆ ಬಿಡುವುದಿಲ್ಲ, ಆಮೇಲೆ ಕೆಲವು ದಿನ ದನ, ಕುರಿ, ಹಂದಿಗಳ ಹತ್ತಿರ ಸುಳಿಯುವಂತಿಲ್ಲ. ಬೇಸರ ಮಾಡಿಕೊಳ್ಳಬೇಡಿ. 2025ರ ಜನವರಿಯಲ್ಲಿ ಪಕ್ಕದ ಜರ್ಮನಿಯಲ್ಲಿ ಎಮ್ಮೆಗಳಿಗೆ ಈ ರೋಗ ಬಂದಾಗ ಇಲ್ಲಿನ ರೈತರ ಮುಖ ನೋಡಿದವಳು ನಾನು.

ಇನ್ನೊಂದು ಮಾತು. ಆಸ್ಪತ್ರೆಗೆ ಸೇರಬೇಕಾಗಿ ಬಂದರೆ, ಇತ್ತೀಚೆಗೆ ಹೊರದೇಶದ ಆಸ್ಪತ್ರೆಯಲ್ಲಿ ಇದ್ದಿರಾ, ಹಂದಿ ಅಥವಾ ಕರುಗಳ ಜೊತೆ ಕೆಲಸ ಮಾಡುತ್ತೀರಾ ಅಂತ ಕೇಳುತ್ತಾರೆ. ಹೌದು ಅಂದ ನನ್ನನ್ನು ಒಂಟಿ ಕೋಣೆಗೆ ಹಾಕಿ, ಮಾಸ್ಕು, ಗೌನು ತೊಟ್ಟ ನರ್ಸ್ ಮೂಗಿನಿಂದ, ಗಂಟಲಿನಿಂದ ಸ್ವ್ಯಾಬ್ ತೆಗೆದರು. ಹೊರಗಿನವಳು ಅಂತ ದೂರ ಇಟ್ಟರು ಅನ್ನಿಸಿ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಗೊತ್ತಾಯಿತು, ಡಚ್ ಹಂದಿ ಸಾಕುವವರಿಗೂ ಇದೇ ನಿಯಮ: ಔಷಧಕ್ಕೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾ ಕೊಟ್ಟಿಗೆಯಿಂದ ವಾರ್ಡಿಗೆ ಬರಬಾರದು ಅಂತ.

ಡಚ್ ಇಲ್ಲದೆಯೂ ಲ್ಯಾಬಿನಲ್ಲಿ ದಿನ ಹೋಗುತ್ತದೆ, ಅಲ್ಲಿ ಎಲ್ಲ ಇಂಗ್ಲಿಷ್. ಆದರೂ ಹೊರಡುವ ಮೊದಲೇ ಕಲಿಯಲು ಶುರುಮಾಡಿ. ನನಗೆ ಮೂರು ವರ್ಷ ಹಿಡಿಯಿತು. ಆಮೇಲೆ ಅದೇ ರೈತರ ಅಡುಗೆಮನೆಗೆ ಹೋಗಿ, ನಿಮ್ಮ ಲಸಿಕೆ ಕೆಲಸ ಮಾಡಿತ್ತು, ನಿಮ್ಮ ಹಸುಗಳಲ್ಲಿ ತಪ್ಪಿರಲಿಲ್ಲ ಅಂತ ಡಚ್ಚಿನಲ್ಲೇ ಹೇಳಿದೆ. ತುಂಬಾ ಹೊತ್ತು ಅವರು ಆ ಹಾಳೆಯನ್ನೇ ನೋಡುತ್ತಿದ್ದರು.