ಟಾಂಗ್ ಕಾಲದ ಸಮಾಧಿ ಕಾವಲು ಗೊಂಬೆಗಳಿಗೆ ಮೈಯೆಲ್ಲ ಹೊಳಪು, ಮುಖ ಮಾತ್ರ ಬೋಳು ಯಾಕೆ?

ಹೊಳಪಿನ ಲೇಪ ಬಳಿದರೆ ಮುಖದ ಗೆರೆಗಳು ಮುಚ್ಚಿಹೋಗುತ್ತವೆ, ಅದಕ್ಕೇ.

ಚೀನಾದ ಟಾಂಗ್ ಅರಸರ ಕಾಲದಲ್ಲಿ (618–907) ದೊಡ್ಡವರ ಸಮಾಧಿಯ ಬಾಗಿಲ ಬಳಿ ಇಂಥ ಮಣ್ಣಿನ ಮೃಗಗಳನ್ನು ಜೋಡಿಯಾಗಿ ಇಡುತ್ತಿದ್ದರು. ಒಂದಕ್ಕೆ ಮನುಷ್ಯನ ಮುಖ, ಇನ್ನೊಂದಕ್ಕೆ ಹಲ್ಲು ಕಿರಿದ ಸಿಂಹದಂಥ ಮುಖ. ದುಷ್ಟ ಶಕ್ತಿಗಳನ್ನು ಹೆದರಿಸಿ ಓಡಿಸುವುದು ಇವುಗಳ ಕೆಲಸ.

ಮೈಗೆ ಬಳಿಯುತ್ತಿದ್ದ ಕಂದು, ಹಸಿರು, ಕೆನೆ ಬಣ್ಣದ ಲೇಪದಲ್ಲಿ ಸೀಸ ಇರುತ್ತಿತ್ತು. ಸೀಸ ಬೆರೆತ ಲೇಪ ಕಡಿಮೆ ಶಾಖಕ್ಕೇ ಕರಗಿ, ಜೇನಿನ ಹಾಗೆ ಕೆಳಕ್ಕೆ ಇಳಿಯುತ್ತದೆ. ಗೊಂಬೆಯ ಎದೆ, ಕಾಲು ನೋಡಿ: ಹಸಿರು ಕಂದಿನೊಳಗೆ ಹರಿದು ಸೋರಿದ ಗುರುತು ಹಾಗೇ ಇರುತ್ತದೆ. ಮೈ ಮೇಲೆ ಅದೇ ಒಂದು ಚೆಂದ. ಮುಖದ ಮೇಲೆ ಹಾಗೆ ಸೋರಿದರೆ? ಹುಬ್ಬು, ಕಣ್ಣು ಎಲ್ಲ ಕಲಸಿಹೋಗಿ, ಹೆದರಿಸಬೇಕಾದ ಗೊಂಬೆ ಅಳುತ್ತಿರುವಂತೆ ಕಂಡೀತು, ಅಲ್ವಾ!

ಹಾಗಾಗಿ ತಲೆಗೆ ಲೇಪ ಬಳಿಯದೆ, ಸುಟ್ಟಾದ ಮೇಲೆ ಕುಂಚದಿಂದ ಹುಬ್ಬು, ಮೀಸೆ, ಕೆಂಪು ತುಟಿ ಬರೆಯುತ್ತಿದ್ದರು. ಬೆಂಕಿ ಕಾಣದ ಬಣ್ಣ ಗಟ್ಟಿಯಾಗಿ ನಿಲ್ಲುವುದಿಲ್ಲ. ನೆಲದೊಳಗೆ ಸಾವಿರ ವರ್ಷಕ್ಕೂ ಜಾಸ್ತಿ ಇದ್ದು ಬಹುಪಾಲು ಉದುರಿದೆ. ಮ್ಯೂಸಿಯಂಗಳಲ್ಲಿ ಈಗ ಕಾಣುವ ಬಿಳಿಚಿದ ಮುಖ ಅದೇ. ಎಲ್ಲ ಗೊಂಬೆಗಳೂ ಹೀಗಲ್ಲ. ಕೆಲವಕ್ಕೆ ಮುಖಕ್ಕೂ ಲೇಪ ಬಳಿದದ್ದುಂಟು.