ಕೋಳಿ ತಿಂದರೆ ಯುದ್ಧ

ಪ್ರಶ್ನೆ: ರೋಮ್ ಇತಿಹಾಸದಲ್ಲಿ ‘ಪುಲ್ಲಾರಿಯಸ್’ ಎಂಬ ಪದ ಸಿಕ್ಕಿತು. ಶಕುನ ಹೇಳುವವರಿಗೆಲ್ಲ ಇದೇ ಹೆಸರೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಅಲ್ಲ. ಹಕ್ಕಿ ಹಾರುವ ದಿಕ್ಕು ನೋಡಿ ಹೇಳುವವನು ಆಗರ್, ಬಲಿಪಶುವಿನ ಪಿತ್ತಜನಕಾಂಗ ನೋಡುವವನು ಹರುಸ್ಪೆಕ್ಸ್. ಪುಲ್ಲಾರಿಯಸ್ ಪಾಪ, ದಂಡಿನ ಜೊತೆ ಹೋಗುವ ಪವಿತ್ರ ಕೋಳಿಗಳನ್ನು ನೋಡಿಕೊಳ್ಳುವವನು. ಲ್ಯಾಟಿನ್ನಿನಲ್ಲಿ ‘ಪುಲ್ಲಸ್’ ಅಂದರೆ ಮರಿ. ಒಬ್ಬನಾದರೆ ಪುಲ್ಲಾರಿಯಸ್, ಹಲವರಾದರೆ ಪುಲ್ಲಾರಿ.

ಯುದ್ಧಕ್ಕೆ ಮುಂಚೆ ಪಂಜರ ತೆರೆದು ತಿನಿಸು ಹಾಕುತ್ತಿದ್ದರು. ಕೋಳಿ ಗಬಗಬ ತಿಂದು ಕೊಕ್ಕಿನಿಂದ ತುಣುಕು ನೆಲಕ್ಕೆ ಉದುರಿದರೆ ಶುಭ, ಮುಖ ತಿರುಗಿಸಿದರೆ ಅಪಶಕುನ. ಪಂಜರದಲ್ಲಿ ಹಸಿದು ಕೂತ ಕೋಳಿ ತಿನ್ನದೆ ಇನ್ನೇನು ಮಾಡೀತು? ಈ ಕೊಂಕು ನನ್ನದಲ್ಲ, ರೋಮಿನ ವಾಗ್ಮಿ ಸಿಸೆರೊನದೇ.

ರೋಮಿನ ಇತಿಹಾಸಕಾರ ಲಿವಿ ಹೇಳುವ ಕಥೆ ಇನ್ನೂ ಮಜವಾಗಿದೆ. ಕ್ರಿ.ಪೂ. 293ರಲ್ಲಿ, ಇಟಲಿಯದೇ ಸ್ಯಾಮ್ನೈಟ್ ಜನರ ಮೇಲಿನ ಅಕ್ವಿಲೋನಿಯಾ ಕದನದ ದಿನ, ಕೋಳಿಗಳು ತಿನ್ನಲೇ ಇಲ್ಲ. ಪುಲ್ಲಾರಿಯಸ್ ಮಾತ್ರ ‘ಶುಭವಾಗಿದೆ’ ಎಂದು ದಂಡಿನ ಮುಖ್ಯಸ್ಥನಾಗಿದ್ದ ಕಾನ್ಸಲ್ (ರೋಮಿನ ಅತ್ಯುನ್ನತ ಅಧಿಕಾರಿ) ಪಾಪಿರಿಯಸ್‌ಗೆ ಸುಳ್ಳು ಹೇಳಿದ. ವಿಷಯ ಕಿವಿಗೆ ಬಿದ್ದಾಗ ಕಾನ್ಸಲ್ ಕದಲಲಿಲ್ಲ. ಸುಳ್ಳಿನ ಪಾಪ ಹೇಳಿದವನ ತಲೆಗೇ ಎಂದು ಕೋಳಿಯವರನ್ನೆಲ್ಲ ಮುಂಚೂಣಿಯಲ್ಲಿ ನಿಲ್ಲಿಸಿದ. ಎಲ್ಲಿಂದಲೋ ಬಂದ ಈಟಿ ನೇರ ಆ ಸುಳ್ಳುಗಾರನಿಗೇ ತಗುಲಿತು. ರೋಮನ್ನರು ಗೆದ್ದರು.