ಓದುಗರ ಪ್ರಶ್ನೆ: ಪಟ್ಟಾಯದ ಬೀದಿ, ಬೀದಿಯ ಜನ

ಈ ಸಲ ಬಂದ ಪತ್ರಗಳಲ್ಲಿ ಥೈಲ್ಯಾಂಡಿನ ಪಟ್ಟಾಯದ್ದೇ ಜಾಸ್ತಿ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಕಡೆಯಿಂದ ಬಂದಿವೆ. ದೇವನಹಳ್ಳಿಯಲ್ಲಿ ವಿಮಾನ ಹತ್ತಿದರೆ ಹೆಚ್ಚುಕಮ್ಮಿ ನಾಲ್ಕು ಗಂಟೆಗೆ ಬ್ಯಾಂಕಾಕ್. ಅಲ್ಲಿಂದ ರಸ್ತೆಯಲ್ಲಿ ಎರಡು ಗಂಟೆ. ಹಾಗಾಗಿ ನಮ್ಮ ಕಡೆಯವರು ಈಗ ಅಲ್ಲಿ ಬೀದಿಬೀದಿಗೂ ಸಿಗುತ್ತಾರೆ. ಚಿಕ್ಕಬಳ್ಳಾಪುರದಿಂದ ಪ್ರವಾಸದ ಗುಂಪುಗಳನ್ನು ಕರೆದುಕೊಂಡು ಹೋಗಿ ಬರುವುದು ನನ್ನ ಕೆಲಸ. ಆದ್ದರಿಂದ ಕಂಡದ್ದನ್ನೇ ಬರೆಯುತ್ತೇನೆ.

ಪ್ರಶ್ನೆ: ನಾವು ನಾಲ್ಕು ಜನ ಸ್ನೇಹಿತರು ಪಟ್ಟಾಯಕ್ಕೆ ಹೊರಟಿದ್ದೇವೆ. ಹೆಸರು ಹೇಳಿದರೆ ಸಾಕು, ಮನೆಯಲ್ಲಿ ಮುಖ ಸಿಂಡರಿಸುತ್ತಾರೆ. ಆ ವಾಕಿಂಗ್ ಸ್ಟ್ರೀಟಿನಲ್ಲಿ ಅಂಥದ್ದೇನಿದೆ? (ಚಿಕ್ಕಬಳ್ಳಾಪುರದ ಓದುಗರು)

ಉತ್ತರ: ಕಡಲ ತೀರದ ಬೀಚ್ ರೋಡ್ ದಕ್ಷಿಣಕ್ಕೆ ಮುಗಿಯುವ ಕಡೆ ಈ ಬೀದಿ ಶುರುವಾಗುತ್ತದೆ. ಸಂಜೆಯಾದರೆ ಗಾಡಿಗಳನ್ನು ಬಿಡುವುದಿಲ್ಲ, ನಡೆದೇ ಹೋಗಬೇಕು. ಎರಡೂ ಕಡೆ ಬಾರು, ಡಿಸ್ಕೋ, ಗಾಜಿನ ತೊಟ್ಟಿಯಲ್ಲಿ ಜೀವಂತ ಮೀನು ಏಡಿ ಇಟ್ಟುಕೊಂಡ ಹೋಟೆಲು, ನಡುವೆ ಕೈಯಲ್ಲಿ ಕಾರ್ಡು ಹಿಡಿದು ಬನ್ನಿ ಬನ್ನಿ ಎಂದು ಕರೆಯುವವರು, ಹೆಗಲ ಮೇಲೆ ದೊಡ್ಡ ಓತಿಕ್ಯಾತ ಕೂರಿಸಿಕೊಂಡು ಫೋಟೋ ತೆಗೆಸಿಕೊಳ್ಳಿ ಎಂದು ಹಿಂದೆ ಬೀಳುವವರು, ಮೇಲೆ ಬಣ್ಣಬಣ್ಣದ ನಿಯಾನ್ ಬೋರ್ಡುಗಳು. ಹಿಂದಿ, ಪಂಜಾಬಿ ಹಾಡು ಹಾಕುವ ಡಿಸ್ಕೋಗಳೂ ಇವೆ. ಅಲ್ಲಿ ಒಳಗೆ ಹೋದರೆ ಬೆಂಗಳೂರಿನವರೇ ನಾಲ್ಕು ಜನ ಸಿಕ್ಕಿಬಿಡುತ್ತಾರೆ.

ಎಲ್ಲರೂ ರಾತ್ರಿ ಹನ್ನೊಂದಕ್ಕೆ ಹೋಗಿ ನೋಡುತ್ತಾರೆ. ನಾನು ಹೇಳುವುದು ಬೇರೆ. ಸಂಜೆ ಐದೂವರೆ ಆರಕ್ಕೆ ಹೋಗಿ, ಪಕ್ಕದ ಯಾವುದಾದರೂ ಸೋಯಿಯಲ್ಲಿ (ಅಲ್ಲಿ ಅಡ್ಡರಸ್ತೆಗೆ ಸೋಯಿ ಅಂತಾರೆ) ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು ಕೂತುಕೊಳ್ಳಿ. ಅಂಗಡಿ ತೆರೆಯುವ ಹೊತ್ತು ಅದು. ಬಾರಿನ ಹುಡುಗಿಯರು ಚಪ್ಪಲಿ ಹಾಕಿಕೊಂಡು, ಒದ್ದೆ ತಲೆಯಲ್ಲೇ ಬರುತ್ತಾರೆ. ಒಬ್ಬಳು ನೆಲ ಗುಡಿಸುತ್ತಾಳೆ, ಒಬ್ಬಳು ಐಸ್ ತುಂಬುತ್ತಾಳೆ. ಬಾಗಿಲ ಹತ್ತಿರ ಕಂಬದ ಮೇಲೊಂದು ಪುಟ್ಟ ಗುಡಿ ಇರುತ್ತದೆ. ಆ ಜಾಗವನ್ನು ಕಾಯುವ ದೈವದ ಮನೆ ಅದು. ಅದಕ್ಕೆ ಊದುಕಡ್ಡಿ ಹಚ್ಚಿ, ಕೆಂಪು ಫ್ಯಾಂಟಾ ಬಾಟಲಿಗೆ ಸ್ಟ್ರಾ ಹಾಕಿ ಮುಂದಿಟ್ಟು, ಕೈ ಮುಗಿದು ನಿಲ್ಲುತ್ತಾರೆ. ಪಕ್ಕದ ತಳ್ಳುಗಾಡಿಯವರು ಬೋಣಿಯ ನೋಟನ್ನು ಗಾಡಿಯ ಮೇಲಿನ ಸಾಮಾನಿಗೆಲ್ಲ ಪಟಪಟ ಬಡಿಯುತ್ತಾರೆ, ವ್ಯಾಪಾರ ಚೆನ್ನಾಗಿ ಆಗಲಿ ಅಂತ. ಇದನ್ನು ನೋಡಿ ಆಮೇಲೆ ರಾತ್ರಿಯ ಬೀದಿಗೆ ಹೋದರೆ ಅಲ್ಲಿ ನಿಂತವರು ಬೇರೆ ಥರ ಕಾಣುತ್ತಾರೆ. ದಿನದ ದುಡಿಮೆಗೆ ಬಂದವರು ಅವರು.

ಪ್ರಶ್ನೆ: ಬುದ್ಧನನ್ನು ಪೂಜಿಸುವ ದೇಶದಲ್ಲಿ ಇಂಥ ಊರು ಹೇಗೆ ಬೆಳೆಯಿತು? (ನಿವೃತ್ತ ಶಿಕ್ಷಕರು, ತುಮಕೂರು)

ಉತ್ತರ: 1950ರ ದಶಕದಲ್ಲಿ ಅದು ಮೀನುಗಾರರ ಸಣ್ಣ ಹಳ್ಳಿ ಸಾರ್. 1959ರಲ್ಲಿ ಥೈಲ್ಯಾಂಡಿನದೇ ಕೊರಾಟ್ ಊರಿನ ಕಡೆಯಿಂದ ಅಮೆರಿಕದ ಸೈನಿಕರ ಗುಂಪೊಂದು ರಜಾ ಕಳೆಯಲು ಬಂತು ಅಂತ ಊರಿನ ಕಥೆ ಶುರುವಾಗುತ್ತದೆ. ಆಮೇಲೆ ವಿಯೆಟ್ನಾಂ ಯುದ್ಧ. ಪಟ್ಟಾಯದಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲೇ ಊತಪಾವ್ ವಿಮಾನ ನೆಲೆ, ಬಿ-52 ಬಾಂಬರ್‌ಗಳು ಹಾರುತ್ತಿದ್ದ ಜಾಗ. ಯುದ್ಧದಿಂದ ನಾಲ್ಕು ದಿನ ಬಿಡುವು ಸಿಕ್ಕ ಹುಡುಗರು, ಜೇಬಿನಲ್ಲಿ ಡಾಲರ್. ಊರು ಅದಕ್ಕೆ ತಕ್ಕಂತೆ ಬದಲಾಯಿತು. ಯುದ್ಧ ಮುಗಿಯಿತು, ಸೈನಿಕರು ಹೋದರು, ಪ್ರವಾಸಿಗರು ಬಂದರು. 1978ರಲ್ಲಿ ಪಟ್ಟಾಯಕ್ಕೆ ವಿಶೇಷ ನಗರಾಡಳಿತವೂ ಸಿಕ್ಕಿತು. ಬುದ್ಧನ ದೇಶ ಹೀಗಾಯಿತಲ್ಲ ಅಂತ ನಾವು ಥೈ ಜನರನ್ನು ಬೈಯುವುದು ಸರಿಯಲ್ಲ. ದುಡ್ಡು ಕೊಟ್ಟು ಕೊಳ್ಳಲು ಹೊರಗಿನಿಂದ ಬಂದವರು ಯಾರು ಅಂತಲೂ ಕೇಳಬೇಕಲ್ವಾ?

ಪ್ರಶ್ನೆ: ನಮ್ಮ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತೇವೆ. ಪಟ್ಟಾಯಕ್ಕೆ ಹೋಗಿ ಬಂದ ಅಣ್ಣ, ಅಲ್ಲಿ ರಸ್ತೆಯಲ್ಲಿ ರೇಷ್ಮೆ ಹುಳ ಹುರಿದು ಮಾರುತ್ತಾರೆ ಅಂದ. ನಿಜಾನಾ? ಯಾರು ತಿನ್ನುತ್ತಾರೆ ಅದನ್ನು? (ಶಿಡ್ಲಘಟ್ಟದ ಓದುಗರು)

ಉತ್ತರ: ನೂರಕ್ಕೆ ನೂರು ನಿಜ. ಮಿಡತೆ, ಜೀರುಂಡೆ, ಬಿದಿರಿನ ಹುಳದ ಜೊತೆ ನೂಲು ತೆಗೆದ ಮೇಲೆ ಗೂಡಿನೊಳಗೆ ಉಳಿಯುವ ಹುಳವನ್ನೂ ಎಣ್ಣೆಯಲ್ಲಿ ಕರಿದು, ತಟ್ಟೆಗಳಲ್ಲಿ ರಾಶಿ ಹಾಕಿರುತ್ತಾರೆ. ನಿಮ್ಮೂರಿನಲ್ಲಿ ಮೂಗು ಮುಚ್ಚಿಕೊಂಡು ದಾಟುವ ಮಾಲು ಅಲ್ಲಿ ಉಪ್ಪು, ಕಾಳುಮೆಣಸು ಉದುರಿಸಿಕೊಂಡು ಪೊಟ್ಟಣದಲ್ಲಿ ಬರುತ್ತದೆ. ಪ್ರವಾಸಿಗರು ಫೋಟೋಗೆ ಒಂದು ಬಾಯಿಗೆ ಹಾಕಿ ಕಿರುಚುತ್ತಾರೆ. ಇಷ್ಟಪಟ್ಟು ತಿನ್ನುವವರು ಆ ಬೀದಿಯ ಕೆಲಸಗಾರರು.

ಇದಕ್ಕೆ ಕಾರಣ ಇದೆ. ಪಟ್ಟಾಯದ ಬೀದಿಯಲ್ಲಿ ನಿಮಗೆ ಕಾಣುವ ಬಹಳಷ್ಟು ಜನ ಪಟ್ಟಾಯದವರಲ್ಲ. ಬಾರಿನ ಹುಡುಗಿ, ಮಸಾಜ್ ಅಂಗಡಿಯ ಹೆಂಗಸು, ಕಿತ್ತಳೆ ಬಣ್ಣದ ಅಂಗಿ ತೊಟ್ಟ ಬೈಕ್ ಟ್ಯಾಕ್ಸಿಯವನು, ಹೋಟೆಲಿನಲ್ಲಿ ತಟ್ಟೆ ತೊಳೆಯುವವನು, ಊರು ಕೇಳಿ ನೋಡಿ: ಉಡೊನ್, ಬುರಿರಾಮ್, ಸುರಿನ್, ಕೊರಾಟ್. ಎಲ್ಲ ಈಸಾನ್, ಅಂದರೆ ಥೈಲ್ಯಾಂಡಿನ ಈಶಾನ್ಯ ಭಾಗ. ದೇಶದ ಜನರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು ಅಲ್ಲೇ ಇದ್ದಾರೆ. ಪ್ರಸ್ಥಭೂಮಿ, ಮರಳು ಮಣ್ಣು, ಕೆಲವು ಕಡೆ ಉಪ್ಪು ಬೇರೆ. ಮಳೆ ಬಂದರೆ ಒಂದು ಬೆಳೆ ಭತ್ತ, ಬರದಿದ್ದರೆ ಅದೂ ಇಲ್ಲ. ಅಲ್ಲಿಯ ಹೆಂಗಸರು ಕಂಬಗಳ ಮೇಲೆ ಕಟ್ಟಿದ ಮನೆಯ ಕೆಳಗೆ ರೇಷ್ಮೆ ಹುಳ ಸಾಕುತ್ತಾರೆ, ಬಿಸಿನೀರಿನ ಮಡಕೆಯಲ್ಲಿ ಗೂಡು ಹಾಕಿ ಕೈಯಲ್ಲೇ ನೂಲು ಎಳೆಯುತ್ತಾರೆ, ಬೆಂದ ಹುಳವನ್ನು ಅಲ್ಲೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಮಕ್ಕಳು ಸುತ್ತ ಕೂತು ಕೈ ಚಾಚುತ್ತವೆ. ಸುರಿನ್ ಮತ್ತು ಕೊರಾಟ್ ಹತ್ತಿರದ ಪಾಕ್ ತೊಂಗ್ ಚಾಯ್ ರೇಷ್ಮೆಗೆ ಹೆಸರಾದ ಜಾಗಗಳು. ಹಾಗಾಗಿ ಆ ಗಾಡಿಯ ಮುಂದೆ ನಿಂತ ಹುಡುಗಿ ತನ್ನ ಅಜ್ಜಿಯ ಮನೆಯ ತಿಂಡಿ ತಿನ್ನುತ್ತಿದ್ದಾಳೆ.

ಸೊಂತಮ್ ಗಾಡಿಯನ್ನೂ ನೋಡಿ. ಹಸಿ ಪರಂಗಿಕಾಯಿಯನ್ನು ಎಳೆಎಳೆಯಾಗಿ ಹೆರೆದು, ಮಣ್ಣಿನ ಕುಟ್ಟಾಣಿಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ನಿಂಬೆ, ಮೀನಿನ ರಸ, ಬೆಲ್ಲ ಹಾಕಿ ಮರದ ಒನಕೆಯಲ್ಲಿ ಕುಟ್ಟುತ್ತಾರೆ. ಎಷ್ಟು ಮೆಣಸಿನಕಾಯಿ ಅಂತ ಮೊದಲೇ ಕೇಳುತ್ತಾರೆ. ಸಂಜೆ ಹೊತ್ತು ಬಾರಿನವರು ನಾಲ್ಕೈದು ಜನ ಒಂದೇ ತಟ್ಟೆ ಸುತ್ತ ಕೂತು, ಅಂಟು ಅನ್ನವನ್ನು ಬೆರಳಲ್ಲಿ ಉಂಡೆ ಮಾಡಿ ಅದರಲ್ಲಿ ಅದ್ದಿ ತಿನ್ನುತ್ತಾರೆ. ಆಗ ಅವರು ಆಡುವುದು ಲಾವೋ ಭಾಷೆಗೆ ಹತ್ತಿರದ ತಮ್ಮ ಮಾತು. ನಗು, ಕೀಟಲೆ, ಫೋನಿನಲ್ಲಿ ಊರಲ್ಲಿರುವ ಮಗುವಿನ ಮುಖ. ಎಷ್ಟೋ ಜನರ ಮಕ್ಕಳು ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾರೆ. ತಿಂಗಳಿಗೆ ದುಡ್ಡು ಹೋಗುತ್ತದೆ. ಮನೆಯ ಹಳೇ ಛಾವಣಿಗೆ ಹೊಸ ಶೀಟು, ತಮ್ಮನ ಫೀಸು, ಅಪ್ಪನ ಸಾಲ, ಎಲ್ಲ ಅದರಲ್ಲೇ. ನಮ್ಮ ಜಿಲ್ಲೆಗಳಲ್ಲೂ ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೆ ಎಷ್ಟು ಮನೆಗಳ ಮಕ್ಕಳು ಬೆಳಗಿನ ರೈಲು, ಬಸ್ಸು ಹತ್ತಿ ಬೆಂಗಳೂರು ಸೇರಿದರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಈ ಒಂದು ವಿಷಯ ತಿಳಿದುಕೊಂಡು ಆ ಬೀದಿಗೆ ಹೋಗಿ ಅಂತ ನನ್ನ ಗುಂಪಿನ ಎಲ್ಲರಿಗೂ ಹೇಳುತ್ತೇನೆ.

ಪ್ರಶ್ನೆ: ಅಲ್ಲಿ ಕಾನೂನೇ ಇಲ್ವಂತೆ, ಏನು ಬೇಕಾದರೂ ಮಾಡಬಹುದಂತೆ? (ಬಾಗೇಪಲ್ಲಿಯ ಓದುಗರು)

ಉತ್ತರ: ಹಾಗಂತ ನಂಬಿಕೊಂಡು ಹೋದವರೇ ಸಿಕ್ಕಿಹಾಕಿಕೊಳ್ಳುವುದು. ವೇಶ್ಯಾವಾಟಿಕೆ ಥೈಲ್ಯಾಂಡಿನಲ್ಲಿ ಕಾನೂನು ಪ್ರಕಾರ ನಿಷೇಧ, 1996ರ ಕಾಯ್ದೆ ಇದೆ. ಕಣ್ಣೆದುರು ನಡೆಯುತ್ತದೆ ಅಂದ ಮಾತ್ರಕ್ಕೆ ಕಾನೂನು ಇಲ್ಲ ಅಂತಲ್ಲ. ಇ-ಸಿಗರೇಟ್ ತರುವಂತಿಲ್ಲ, ಮಾರುವಂತಿಲ್ಲ, ಹಿಡಿದರೆ ದಂಡ. ಗಾಂಜಾವನ್ನು 2022ರಲ್ಲಿ ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದಿದ್ದರು, 2025ರಲ್ಲಿ ವೈದ್ಯರ ಚೀಟಿ ಬೇಕು ಅಂತ ಮತ್ತೆ ಬಿಗಿ ಮಾಡಿದರು. ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬೆಂಗಳೂರಿಗೆ ಬಂದಿಳಿದರೆ ಇಲ್ಲಿ ಜೈಲು, ಅನುಮಾನ ಬೇಡ. ಅಲ್ಲಿಯ ರಾಜಮನೆತನದ ಬಗ್ಗೆ ಹಗುರ ಮಾತು ಬೇಡವೇ ಬೇಡ, ಅದು ದೊಡ್ಡ ಅಪರಾಧ. ನೋಟಿನ ಮೇಲೆ ರಾಜರ ಚಿತ್ರ ಇರುತ್ತದೆ, ಹಾರಿಹೋಗುವ ನೋಟನ್ನು ಕಾಲಿನಿಂದ ಒತ್ತಿ ಹಿಡಿಯಬೇಡಿ.

ಇನ್ನೊಂದು ಮಾತು ನೇರವಾಗಿ ಹೇಳುತ್ತೇನೆ. ನಮ್ಮ ಕೆಲವು ಗುಂಪುಗಳು ಅಲ್ಲಿ ನಡೆದುಕೊಳ್ಳುವ ರೀತಿ ನೋಡಿ ನನಗೆ ಬಹಳ ಬೇಸರವಾಗಿದೆ. ಹತ್ತು ಜನ ಒಬ್ಬ ಹುಡುಗಿಯ ಸುತ್ತ ನಿಂತು ರೇಟು ಕೇಳಿ ನಕ್ಕು ಹೋಗುವುದು. ಕೇಳದೆ ಮೊಬೈಲ್ ಎತ್ತಿ ವಿಡಿಯೋ ಮಾಡಿ ವಾಟ್ಸಾಪ್‌ಗೆ ಹಾಕುವುದು. ಒಂದು ಬಾಟಲಿ ತಗೊಂಡು ಆರು ಜನ ಕೂತು ಹೆಂಗಸರ ಕೈ ಎಳೆಯುವುದು. ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಹೀಗೆ ಮಾಡಿದರೆ ಜನ ಸುಮ್ನೆ ಬಿಡುತ್ತಾರಾ? ಹಾಗೆಯೇ ರಾತ್ರಿ ಹನ್ನೆರಡಕ್ಕೆ ಸಣ್ಣ ಮಕ್ಕಳು ಹೂವು, ಚ್ಯೂಯಿಂಗ್ ಗಮ್ ಹಿಡಿದು ಬಂದರೆ ಕೊಳ್ಳಬೇಡಿ. ಕನಿಕರ ಆಗುತ್ತದೆ, ನನಗೂ ಆಗುತ್ತದೆ. ಆದರೆ ವ್ಯಾಪಾರ ಆಗುವ ತನಕ ಆ ಮಕ್ಕಳನ್ನು ಬೀದಿಗೆ ಕಳಿಸುತ್ತಲೇ ಇರುತ್ತಾರೆ.

ಪ್ರಶ್ನೆ: ಅಲ್ಲಿಯ ಲಿಂಗ ಪರಿವರ್ತಿತರ ಶೋ ಬಗ್ಗೆ ಬಹಳ ಕೇಳಿದ್ದೇನೆ. ಹೆಣ್ಣುಮಕ್ಕಳು ನೋಡಬಹುದಾ? ಅವರ ಜೊತೆ ಹೇಗೆ ಮಾತಾಡಬೇಕು? (ಕಾಲೇಜು ವಿದ್ಯಾರ್ಥಿನಿ, ತುಮಕೂರು)

ಉತ್ತರ: ಖಂಡಿತ ನೋಡಿ. ಟಿಫಾನಿ ಶೋ 1974ರಿಂದ ನಡೆದುಬಂದಿದೆ, ಅಲ್ಕಜಾರ್ ಅಂತ ಇನ್ನೊಂದಿದೆ. ಹಾಡು, ಕುಣಿತ, ನೂರಾರು ಉಡುಪು, ದೊಡ್ಡ ರಂಗಮಂದಿರ. ಅಜ್ಜಿ ಮೊಮ್ಮಕ್ಕಳ ಸಮೇತ ಕುಟುಂಬಗಳು ಬಂದು ಕೂತಿರುತ್ತವೆ. ಭಾರತದ ಪ್ರೇಕ್ಷಕರಿಗೆ ಅಂತ ಹಿಂದಿ ಹಾಡೂ ಹಾಕುತ್ತಾರೆ. 2004ರಿಂದ ಮಿಸ್ ಇಂಟರ್‌ನ್ಯಾಷನಲ್ ಕ್ವೀನ್ ಅನ್ನುವ, ಟ್ರಾನ್ಸ್ ಮಹಿಳೆಯರ ಅಂತರರಾಷ್ಟ್ರೀಯ ಸ್ಪರ್ಧೆಗೂ ಪಟ್ಟಾಯವೇ ಮನೆ. ಶೋ ಮುಗಿದ ಮೇಲೆ ಕಲಾವಿದೆಯರು ಹೊರಗೆ ಬಂದು ನಿಲ್ಲುತ್ತಾರೆ. ಅವರ ಜೊತೆ ಫೋಟೋ ತೆಗೆಸಿಕೊಂಡರೆ ಟಿಪ್ಸ್ ಕೊಡಬೇಕು. ಫೋಟೋ ತೆಗೆದು ಓಡುವವರು ಇದ್ದಾರೆ, ನೀವು ಹಾಗೆ ಮಾಡಬೇಡಿ.

ಹೇಗೆ ಮಾತಾಡಬೇಕು ಅಂದಿರಿ. ಬೇರೆ ಹೆಂಗಸರ ಜೊತೆ ಹೇಗೋ ಹಾಗೆಯೇ. ಅಲ್ಲಿ ಅಂಗಡಿಯಲ್ಲಿ, ಹೋಟೆಲಿನ ಕೌಂಟರಿನಲ್ಲಿ, ಮೇಕಪ್ ಸಲೂನಿನಲ್ಲಿ ಎಲ್ಲ ಕಡೆ ಟ್ರಾನ್ಸ್ ಮಹಿಳೆಯರು ಕೆಲಸ ಮಾಡುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಹಾಗಂತ ಕಷ್ಟ ಇಲ್ಲವೆಂದಲ್ಲ, ಗುರುತಿನ ಚೀಟಿಯಲ್ಲಿ ಲಿಂಗ ಬದಲಿಸಿಕೊಳ್ಳಲು ಅವರು ಇನ್ನೂ ಹೋರಾಡುತ್ತಿದ್ದಾರೆ. ಸಲಿಂಗ ಮದುವೆಗೆ ಮಾತ್ರ 2025ರ ಜನವರಿ 23ರಿಂದ ಕಾನೂನಿನ ಮಾನ್ಯತೆ ಸಿಕ್ಕಿದೆ. ನಮ್ಮ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ಪದ್ಮಶ್ರೀ ಪಡೆದಾಗ ಹೆಮ್ಮೆಪಟ್ಟವರು ನಾವು. ಆ ಗೌರವ ಟೋಲ್‌ಗೇಟಿನಲ್ಲಿ ಕೈ ಚಾಚುವವರಿಗೂ ಸಿಗಬೇಕು, ಪಟ್ಟಾಯದಲ್ಲಿ ಕುಣಿಯುವವರಿಗೂ ಸಿಗಬೇಕು.

ಪ್ರಶ್ನೆ: ಗಂಡ, ಇಬ್ಬರು ಮಕ್ಕಳ ಜೊತೆ ಹೋಗಬಹುದಾ? (ಗೃಹಿಣಿ, ಕೋಲಾರ)

ಉತ್ತರ: ಹೋಗಬಹುದು. ಜೋಮ್‌ತಿಯನ್ ಬೀಚ್ ಕಡೆ ರೂಮು ಮಾಡಿ, ಅದು ನಿಧಾನದ ಜಾಗ. ಬಾಲಿ ಹೈ ಹಡಗುಕಟ್ಟೆಯಿಂದ ಕೊ ಲಾನ್ ದ್ವೀಪಕ್ಕೆ ಫೆರ್ರಿ ಇದೆ, ಮುಕ್ಕಾಲು ಗಂಟೆ. ಪೂರ್ತಿ ಮರದಲ್ಲೇ ಕೆತ್ತುತ್ತಿರುವ, ಗುಡಿಯಂಥ ಕಟ್ಟಡ ಸ್ಯಾಂಕ್ಚುರಿ ಆಫ್ ಟ್ರೂತ್ ತಪ್ಪಿಸಬೇಡಿ. 1981ರಲ್ಲಿ ಶುರುವಾದ ಕೆಲಸ, ಇವತ್ತಿಗೂ ಉಳಿ ಸುತ್ತಿಗೆಯ ಸದ್ದು ನಿಂತಿಲ್ಲ. ಬ್ರಹ್ಮ, ಗಣೇಶ ಎಲ್ಲ ಸಿಗುತ್ತಾರೆ, ಮಕ್ಕಳು ಗುರುತು ಹಿಡಿಯುತ್ತಾರೆ.

ಪ್ರಶ್ನೆ: ಶುದ್ಧ ಸಸ್ಯಾಹಾರಿ. ಉಪವಾಸಾನಾ? (ಗೌರಿಬಿದನೂರು)

ಉತ್ತರ: ಇಲ್ಲ. ಭಾರತೀಯ ಹೋಟೆಲುಗಳು ಬೇಕಾದಷ್ಟಿವೆ. ತಳ್ಳುಗಾಡಿಯಲ್ಲಿ ಮಾತ್ರ ತರಕಾರಿ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ. 'ಜೇ' (ಶುದ್ಧ ಸಸ್ಯಾಹಾರ) ಅಂತ ಕೇಳಿ, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಮಾವಿನಹಣ್ಣು, ಅಂಟು ಅನ್ನ, ತೆಂಗಿನಹಾಲು ಸೇರಿಸಿ ಕೊಡುವ ಸಿಹಿ ಯಾವ ಮೂಲೆಯಲ್ಲೂ ಸಿಗುತ್ತದೆ.

ಪ್ರಶ್ನೆ: ಮೋಸ ಹೋಗದೆ ಓಡಾಡುವುದು ಹೇಗೆ? ಆಟೋ ಇದೆಯಾ? (ಚಿಂತಾಮಣಿಯ ಓದುಗರು)

ಉತ್ತರ: ಆಟೋ ಬದಲು ಸೊಂಗ್‌ತೇವ್. ಪಿಕಪ್ ಗಾಡಿಯ ಹಿಂದೆ ಎರಡು ಸಾಲು ಬೆಂಚು, ನೀಲಿ ಬಣ್ಣ. ಬೀಚ್ ರೋಡಿನಲ್ಲಿ ದಕ್ಷಿಣಕ್ಕೆ, ಸೆಕೆಂಡ್ ರೋಡಿನಲ್ಲಿ ಉತ್ತರಕ್ಕೆ ಸುತ್ತುತ್ತಲೇ ಇರುತ್ತವೆ. ಓಡುತ್ತಿರುವ ಗಾಡಿಗೆ ಕೈ ತೋರಿಸಿ, ಏನೂ ಕೇಳದೆ ಹತ್ತಿ, ಇಳಿಯುವ ಕಡೆ ಬೆಲ್ ಒತ್ತಿ, ಮುಂದೆ ಹೋಗಿ ಡ್ರೈವರ್ ಕೈಗೆ ದುಡ್ಡು ಕೊಡಿ. ಹತ್ತು ಬಾತ್ (ಬಾತ್ ಅಂದರೆ ಅಲ್ಲಿಯ ಹಣ) ಅಂತ ಬಹಳ ಕಾಲ ನಡೆದಿದೆ, ಈಗ ಎಷ್ಟು ಅಂತ ಜೊತೆಗೆ ಕೂತವರನ್ನು ಕೇಳಿ. ನಿಂತ ಖಾಲಿ ಗಾಡಿಯವನನ್ನು ಎಷ್ಟು ಅಂತ ಕೇಳಿದಿರೋ, ಅದು ಬಾಡಿಗೆ ಗಾಡಿಯಾಯಿತು, ನೂರಾರು ಬಾತ್.

ಜೆಟ್ ಸ್ಕೀ ಹತ್ತಲೇಬೇಕು ಅಂದರೆ ಮೊದಲು ಅದನ್ನು ಸುತ್ತಲೂ ವಿಡಿಯೋ ಮಾಡಿಕೊಳ್ಳಿ. ಹಳೇ ಗೀರಿಗೆ ನಿಮ್ಮಿಂದ ಹಣ ಕೇಳುವವರಿದ್ದಾರೆ. ಪಾಸ್‌ಪೋರ್ಟ್ ಅಡ ಇಡಬೇಡಿ. ಬಾರಿನಲ್ಲಿ ತೂಗುಹಾಕಿದ ಗಂಟೆ ಬಾರಿಸಿದರೆ ಅಲ್ಲಿರುವ ಎಲ್ಲರ ಕುಡಿತದ ಬಿಲ್ಲು ನಿಮ್ಮದು, ಆದ್ದರಿಂದ ಅದನ್ನು ಮುಟ್ಟಬೇಡಿ. ಪ್ರತಿ ಲೋಟಕ್ಕೂ ಒಂದು ಚೀಟಿಯನ್ನು ನಿಮ್ಮ ಮುಂದಿನ ಡಬ್ಬದಲ್ಲಿ ಇಡುತ್ತಾರೆ, ಅದನ್ನು ಆಗಾಗ ತೆಗೆದು ನೋಡಿಕೊಳ್ಳಿ. ಕೋಟು ಹೊಲಿಸಿ ಅಂತ ಹಿಂದಿಯಲ್ಲಿ ಕೂಗಿ ಕೈಕುಲುಕುವ ಟೈಲರ್ ಅಂಗಡಿಯವರಿಗೆ ನಗುತ್ತಾ 'ಮೈ ಆವ್ ಖ್ರಪ್' ಅನ್ನಿ, ಬೇಡ ಅಂತ ಅರ್ಥ. ಹೆಂಗಸರಾದರೆ ಕೊನೆಗೆ 'ಖಾ'. ದನಿ ಏರಿಸಬೇಡಿ, ಅಲ್ಲಿ ಕೂಗಾಡಿದವನ ಮಾತು ಯಾರೂ ಕೇಳುವುದಿಲ್ಲ. ಏನಾದರೂ ತೊಂದರೆಯಾದರೆ ಪ್ರವಾಸಿ ಪೊಲೀಸರ ನಂಬರು 1155. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡಿಸುವ ಮುಂಚೆ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. 2025ರ ಮೇ 1ರಿಂದ ಹೋಗುವ ಮುನ್ನ ಆನ್‌ಲೈನಿನಲ್ಲಿ ಒಂದು ಆಗಮನ ಕಾರ್ಡ್ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ವೆಬ್‌ಸೈಟಿಗೆ ಕಟ್ಟಬೇಡಿ.